ಸಿಂಗಾರ ಹಿತವನ್ನು ಮೀರದಿರಲಿ

ಕಾರಹುಣ್ಣಿಮೆ ಬಂದಿತೆಂದರೆ ಯಾಪಲದಿನ್ನಿಯಿಂದ ದೇವದುರ್ಗ, ಮಾನ್ವಿಗಳವರೆಗೆ ಊರೂರಿನಲ್ಲಿಯೂ ಎತ್ತುಗಳ ಮೈಗೆ ಬಣ್ಣ, ಕೋಡಿಗೆ ಗೊಂಡೆ, ಕೊರಳಿಗೆ ಗೆಜ್ಜೆ. ಬದುಕಿಗೆ ಹೆಗಲು ಕೊಟ್ಟ ಜೀವವನ್ನು ರೈತನು ಗೌರವಿಸುವ ಪರಿಯಿದು. ಆದರೆ ಎತ್ತಿನ ಉಸಿರಿಗೆ ಅಡ್ಡಿಯಾಗುವಂತೆ ಆತನು ಎಂದಿಗೂ ಗೊಂಡೆ ಕಟ್ಟಲಾರ. ಈ ವಿವೇಕವು ನಮ್ಮ ಮನೆಯಂಗಳಕ್ಕೆ ಬಂದಿರುವ ಹೈಬ್ರಿಡ್ ಕಾರುಗಳಿಗೂ ಸಲ್ಲಬೇಕು.

ಹೈಬ್ರಿಡ್ ಎಂದರೆ ಎರಡು ಶಕ್ತಿಗಳ ಕೂಡುಬಾಳು. ಪೆಟ್ರೋಲ್ ಎಂಜಿನ್ ಒಂದು, ವಿದ್ಯುತ್ ಮೋಟಾರು ಮತ್ತೊಂದು. ಬ್ರೇಕ್ ಒತ್ತಿದಾಗ ಸಾಧಾರಣ ವಾಹನದಲ್ಲಿ ಶಾಖವಾಗಿ ವ್ಯರ್ಥವಾಗುವ ಶಕ್ತಿಯ ಒಂದು ಪಾಲನ್ನು ಇದು ವಿದ್ಯುತ್ತಾಗಿ ಬ್ಯಾಟರಿಯಲ್ಲಿ ಕೂಡಿಡುತ್ತದೆ. 1997ರಲ್ಲಿ ಜಪಾನಿನಲ್ಲಿ ಟೊಯೋಟಾ ಪ್ರಿಯಸ್ ಮಾರಾಟಕ್ಕೆ ಬಂದಿತು. ನಮ್ಮ ರಾಜ್ಯದ ಬಿಡದಿಯಲ್ಲಿ 2013ರಲ್ಲಿ ಕ್ಯಾಮ್ರಿ ಹೈಬ್ರಿಡ್ ಸಿದ್ಧವಾಯಿತು. 2022ರಲ್ಲಿ ಇನೋವಾ ಹೈಕ್ರಾಸ್ ಅನಾವರಣಗೊಂಡಿತು. ಕನ್ನಡ ನೆಲದಲ್ಲಿಯೇ ರೂಪುಗೊಳ್ಳುವ ವಾಹನವಿದು ಎಂಬುದು ಸಂತೋಷದ ಸಂಗತಿ.

ಆದರೆ ವಾಹನ ಮನೆಗೆ ಬಂದೊಡನೆ ಅದನ್ನು ತಿದ್ದುವ ಹಂಬಲ ಹುಟ್ಟುತ್ತದೆ. ತಂಪು ದೇಶಗಳಲ್ಲಿ ಕೆಲವರು ಮುಂಭಾಗದ ಜಾಲರಿಯನ್ನು ಭಾಗಶಃ ಮುಚ್ಚುತ್ತಾರೆ. ಗಾಳಿಯ ತಡೆ ತಗ್ಗುತ್ತದೆ, ಎಂಜಿನ್ ಬೇಗ ಬೆಚ್ಚಗಾಗುತ್ತದೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ರಾಯಚೂರು ಸೀಮೆಗೆ ಆ ಉಪಾಯ ಒಗ್ಗದು. ಇಲ್ಲಿ ಎಂಜಿನ್ನಿಗೆ ಬೇಕಾದುದು ತಂಪೇ ಹೊರತು ಬಿಸಿಯಲ್ಲ.

ಬ್ಯಾಟರಿಯ ವಿಷಯ ಇನ್ನೂ ಸೂಕ್ಷ್ಮ. ಅನೇಕ ಹೈಬ್ರಿಡ್ ಕಾರುಗಳಲ್ಲಿ ಅದನ್ನು ತಂಪಾಗಿಸುವ ಗಾಳಿಯು ಒಳಗಿನ ಆಸನದ ಬಳಿಯ ಕಿಂಡಿಯಿಂದಲೇ ಹೋಗುತ್ತದೆ. ಅಂದದ ಹೊದಿಕೆ, ದಪ್ಪ ಹಾಸು ಅಥವಾ ಜಾತ್ರೆಯ ಗಂಟುಮೂಟೆಗಳಿಂದ ಆ ಕಿಂಡಿ ಮುಚ್ಚಿದರೆ ಬ್ಯಾಟರಿ ಕಾದು ಅದರ ಆಯುಷ್ಯ ಕುಂದುತ್ತದೆ. ನಮ್ಮ ಎರೆಮಣ್ಣಿನ ಧೂಳೂ ಅಲ್ಲಿ ಸೇರುತ್ತದೆ. ಕಿಂಡಿ ಎಲ್ಲಿದೆ, ಅದರ ಸೋಸುಕವನ್ನು ಹೇಗೆ ಶುಚಿಗೊಳಿಸಬೇಕು ಎಂಬುದನ್ನು ಕೈಪಿಡಿಯಲ್ಲಿ ನೋಡಿಕೊಳ್ಳಬೇಕು. ಆಸನದ ಬದಿಯಲ್ಲಿ ಗಾಳಿಚೀಲವಿರುವ ಕಾರಿಗೆ ಬಿಗಿಯಾದ ಹೊದಿಕೆಯು ಪ್ರಾಣರಕ್ಷಣೆಗೇ ಅಡ್ಡಿ.

ಅಗಲವಾದ ಟೈರುಗಳು ನೋಟಕ್ಕೆ ಗಂಭೀರವಾಗಿದ್ದರೂ ಸಾಮಾನ್ಯವಾಗಿ ಉರುಳುವ ತಡೆಯನ್ನೂ ಇಂಧನದ ವೆಚ್ಚವನ್ನೂ ಹೆಚ್ಚಿಸುತ್ತವೆ. ಕಿತ್ತಳೆ ಬಣ್ಣದ ತಂತಿಗಳಲ್ಲಿ ನೂರಾರು ವೋಲ್ಟ್ ವಿದ್ಯುತ್ ಹರಿಯುತ್ತದೆ. ಅವುಗಳನ್ನು ಮನೆಯಲ್ಲಿ ಮುಟ್ಟುವುದು ಸಾವನ್ನು ಕರೆದಂತೆ. ಮುಂದೆ ಕಟ್ಟುವ ಕಬ್ಬಿಣದ ಗಾರ್ಡುಗಳ ವಿರುದ್ಧ ಕ್ರಮ ಕೈಗೊಳ್ಳುವಂತೆ ಕೇಂದ್ರ ಸಾರಿಗೆ ಸಚಿವಾಲಯವು 2017ರ ಡಿಸೆಂಬರಿನಲ್ಲಿ ರಾಜ್ಯಗಳಿಗೆ ಸೂಚಿಸಿತು. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನಂತೆ ತಯಾರಕರ ಮೂಲ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸಲಾಗದೆಂದು ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಸ್ಪಷ್ಟಪಡಿಸಿದೆ. ಬಣ್ಣ ಬದಲಿಸಿದರೂ ನೋಂದಣಿ ಪತ್ರದಲ್ಲಿ ಅದನ್ನು ನಮೂದಿಸಬೇಕು.

ಹಾಗಾದರೆ ನಾವು ಮಾಡಬಹುದಾದುದೇನು? ಬಾಗಿಲ ಬಳಿಯ ಚೀಟಿಯಲ್ಲಿ ಸೂಚಿಸಿದಷ್ಟು ಗಾಳಿಯನ್ನು ಟೈರು ತಣ್ಣಗಿರುವಾಗ ತುಂಬಿಸುವುದು, ಬೇಡದ ಭಾರವನ್ನೂ ಮಾಳಿಗೆಯ ಕ್ಯಾರಿಯರನ್ನೂ ಇಳಿಸುವುದು, ನೆರಳಿನಲ್ಲಿ ನಿಲ್ಲಿಸುವುದು, ದೂರದಿಂದಲೇ ಮೆಲ್ಲಗೆ ಬ್ರೇಕ್ ಒತ್ತುವುದು. ವೇಗವು 80ರಿಂದ 100 ಕಿಲೋಮೀಟರಿಗೆ ಏರಿದರೆ ಗಾಳಿಯ ತಡೆ ಒಂದೂವರೆ ಪಟ್ಟಿಗೂ ಮಿಗಿಲಾಗುತ್ತದೆ. ಆದ್ದರಿಂದ ಸಂಯಮದ ಪಾದವೇ ಬೆಲೆಯಿಲ್ಲದೆ ದೊರೆಯುವ ಸುಧಾರಣೆ.

ಅಂದಕ್ಕೂ ಮಾರ್ಗವಿದೆ. ತೊಳೆದ ಮೈ, ಶುಭ್ರವಾದ ಗಾಜು, ಸರಿಯಾಗಿ ಉರಿಯುವ ದೀಪ, ಒಳಗೊಂದು ಅಚ್ಚುಕಟ್ಟು. ಇವು ಯಾವ ಕಾಯಿದೆಯನ್ನೂ ಮೀರವು, ಯಾವ ಯಂತ್ರಕ್ಕೂ ನೋವು ತಾರವು. ಸದ್ಗೃಹಸ್ಥರಾದ ಓದುಗರು ಹೊಸ ಅಲಂಕಾರಕ್ಕೆ ಹಣ ತೆಗೆದಿಡುವ ಮುನ್ನ ಒಂದು ಪ್ರಶ್ನೆ ಕೇಳಿಕೊಳ್ಳಲಿ: ಇದು ಒಳಗೆ ಕುಳಿತಿರುವ ಮಕ್ಕಳಿಗೆ, ಹಿರಿಯರಿಗೆ ಹಿತವೇ? ಹಿತವೆಂದಾದರೆ ಧಾರಾಳವಾಗಿ ಮಾಡಬಹುದು. ಅನುಮಾನವೆನಿಸಿದರೆ ಆ ಹಣವನ್ನು ಸಕಾಲದ ಸರ್ವಿಸಿಗೆ ಮೀಸಲಿಡುವುದು ಲೇಸು.