ಸರಪಳಿ ಕೀಲಿ ಹಳೇದಾಯ್ತೇನು?



ಈಗ ಕೀಲಿಕೈ ತಿರುವದೇ ಗಾಡಿ ಚಾಲೂ ಆಗುವ ಕಾಲ ಬಂದಿದೆ. ಕಾರಿನ ಮಾಲಕರು ಸಣ್ಣ ರಿಮೋಟ್ ಒಂದನ್ನು ಕಿಸೆಯಲ್ಲಿ ಇಟ್ಟುಕೊಂಡು ಹತ್ತಿರ ಬಂದರೆ ಸಾಕು, ಬಾಗಿಲು ತೆರೆಯುತ್ತದೆ. ಗುಂಡಿ ಒತ್ತಿದರೆ ಎಂಜಿನ್ ಶುರುವಾಗುತ್ತದೆ. ಇದು ಶಹರದ ಶ್ರೀಮಂತರ ಮಾತು ಅಂತ ತಿಳಿಯಬೇಡಿರಿ. 2023ರ ಜನವರಿಯಲ್ಲಿ ಹೊಂಡಾ ಕಂಪನಿ ಆಕ್ಟಿವಾ ಸ್ಕೂಟರಿಗೂ ಇಂಥ ಸ್ಮಾರ್ಟ್ ಕೀ ತಂದಿತು. ಅದಕ್ಕೇ ನಮ್ಮ ಕಡೆಯೂ "ಇನ್ನ ಈ ಸರಪಳಿ, ಗೇರ್ ಲಾಕ್, ಹ್ಯಾಂಡಲ್ ಲಾಕ್ ಎಲ್ಲಾ ಯಾಕ ಬೇಕಪಾ?" ಅಂತ ಕೇಳುವವರು ಹೆಚ್ಚಾಗಿದ್ದಾರೆ. ನನ್ನ ಅಭಿಪ್ರಾಯ ಬ್ಯಾರೆ ಐತಿ. ಹೊಸದು ಬರಲಿ, ಬ್ಯಾಡ ಅನ್ನೂದಿಲ್ಲ. ಆದರೆ ಕಬ್ಬಿಣದ ಕೀಲಿಯನ್ನು ಮೂಲೆಗೆ ಒಗೆಯಬಾರದು.

ಈ ಹೊಸ ಕೀಲಿ ಹೆಂಗ ಕೆಲಸ ಮಾಡ್ತೈತಿ ಅನ್ನೋದನ್ನು ಮೊದಲು ತಿಳಿದುಕೊಳ್ಳೋಣ. ಕಾರು ಒಂದು ಸಣ್ಣ ರೇಡಿಯೋ ಅಲೆಯನ್ನು ಬಿಡುತ್ತದೆ. ಅದು ಒಂದೆರಡು ಮೀಟರಿಗಿಂತ ಹೆಚ್ಚು ದೂರ ಮುಟ್ಟುವುದಿಲ್ಲ. ಕಿಸೆಯಲ್ಲಿರುವ ಕೀಲಿಕೈಗೆ ಆ ಅಲೆ ಮುಟ್ಟಿದಾಗ ಅದು ತನ್ನ ಗುಪ್ತ ಸಂಕೇತವನ್ನು ಉತ್ತರವಾಗಿ ಕಳಿಸುತ್ತದೆ. ಸಂಕೇತ ಸರಿಯಿದ್ದರೆ ಬಾಗಿಲು ತೆರೆಯುತ್ತದೆ. ಅಂದರೆ ಕಾರಿಗೆ ಮಾಲಕರ ಗುರುತು ಇಲ್ಲ. ಕೀಲಿಕೈ ಹತ್ತಿರ ಐತಿ ಅನ್ನೋದಷ್ಟೇ ಅದಕ್ಕೆ ಗೊತ್ತು. ನಮ್ಮ ಹೋರಿಗಳೇ ವಾಸಿ, ಗುರುತಿಲ್ಲದವರು ಹಗ್ಗ ಮುಟ್ಟಿದರ ಹಾಯಾಕ ಬರ್ತಾವ!

ಕಳ್ಳರು ಇಲ್ಲೇ ದಾರಿ ಹುಡುಕಿದ್ದಾರೆ. ಇಬ್ಬರು ಬರುತ್ತಾರೆ. ಒಬ್ಬ ಕಾರಿನ ಹತ್ತಿರ, ಇನ್ನೊಬ್ಬ ಮನೆಯ ಗೋಡೆಯ ಹತ್ತಿರ ಒಂದೊಂದು ಯಂತ್ರ ಹಿಡಿದು ನಿಲ್ಲುತ್ತಾರೆ. ಕಾರಿನ ಅಲೆಯನ್ನು ಮೊದಲನೆಯ ಯಂತ್ರ ಎರಡನೆಯದಕ್ಕೆ ದಾಟಿಸುತ್ತದೆ, ಎರಡನೆಯದು ಮನೆಯೊಳಗಿನ ಕೀಲಿಕೈಗೆ ಮುಟ್ಟಿಸುತ್ತದೆ. ಕೀಲಿಕೈ ಪಕ್ಕದಲ್ಲೇ ಇದೆ ಅಂತ ತಿಳಿದು ಕಾರು ಬಾಗಿಲು ತೆರೆದುಬಿಡುತ್ತದೆ. ಗಾಜು ಒಡೆಯುವ ಸಪ್ಪಳ ಇಲ್ಲ, ನಾಯಿ ಬೊಗಳುವಷ್ಟೂ ಗದ್ದಲ ಇಲ್ಲ. 2011ರಲ್ಲಿ ಸ್ವಿಟ್ಜರ್ಲೆಂಡಿನ ಝೂರಿಕ್ ನಗರದ ಸಂಶೋಧಕರು 8 ಕಂಪನಿಗಳ 10 ಮಾದರಿಯ ಕಾರುಗಳ ಮೇಲೆ ಈ ಪ್ರಯೋಗ ಮಾಡಿದರು. ಹತ್ತೂ ಮೋಸ ಹೋದವು.

ಇನ್ನು ನಮ್ಮ ಮನೆಗಳನ್ನು ನೋಡಿರಿ. ಗಾಡಿ ನಿಲ್ಲಿಸಲಿಕ್ಕೆ ಬೇರೆ ಕೋಣೆ ಎಷ್ಟು ಜನರಿಗಿದೆ? ಕಟ್ಟೆಯ ಮುಂದೆ ಕಾರು, ತಲಬಾಗಿಲ ಒಳಗೆ ಮೊಳೆ, ಮೊಳೆಗೆ ಕೀಲಿಕೈ. ನಡುವೆ ಒಂದು ಗೋಡೆ ಅಷ್ಟೇ. ಇದಕ್ಕಿಂತ ಅನುಕೂಲ ಕಳ್ಳರಿಗೆ ಯಾರೂ ಮಾಡಿಕೊಡೂದಿಲ್ಲ.

ಹಾಗಂತ ಹೊಸದೆಲ್ಲ ಕೆಟ್ಟದ್ದು, ಹಳೆಯದೆಲ್ಲ ಒಳ್ಳೆಯದು ಅನ್ನುವುದು ನ್ಯಾಯವಲ್ಲ. ಹಳೇ ಬೈಕಿನಲ್ಲಿ ಎರಡು ವಾಯರ್ ಕೂಡಿಸಿದರೆ ಎಂಜಿನ್ ಹತ್ತುತ್ತಿತ್ತು. ಈಗ ಕೀಲಿಕೈಯಲ್ಲಿ ಚಿಪ್ ಇರುವ ಗಾಡಿಗಳಲ್ಲಿ ಆ ಆಟ ನಡೆಯುವುದಿಲ್ಲ, ಇದು ದೊಡ್ಡ ಉಪಕಾರ. ಒಂದೇ ಕಂಪನಿಯ ಹಳೇ ಟ್ರ್ಯಾಕ್ಟರುಗಳಲ್ಲಿ ಒಂದರ ಕೀಲಿಕೈ ಇನ್ನೊಂದಕ್ಕೆ ಎಷ್ಟೋ ಸಲ ನಡೀತೈತಿ ಅನ್ನೋದು ರೈತರಿಗೆಲ್ಲ ಗೊತ್ತು.

ಮುರಿಯಲಾರದ ಕೀಲಿ ಜಗತ್ತಿನಲ್ಲೇ ಇಲ್ಲ. ಲಂಡನ್ನಿನ ಜೋಸೆಫ್ ಬ್ರಾಮಾ ಎಂಬವರು 1784ರಲ್ಲಿ ಒಂದು ಕೀಲಿಗೆ ಪೇಟೆಂಟ್ ಪಡೆದರು. ಮುಂದೆ ಅವರ ಅಂಗಡಿಯ ಕಿಟಕಿಯಲ್ಲಿ ಒಂದು ಕೀಲಿ ಇಟ್ಟು, ತೆರೆದವರಿಗೆ 200 ಗಿನ್ನಿ ಬಹುಮಾನ ಅಂತ ಬರೆದಿದ್ದರು. ದಶಕಗಳ ಕಾಲ ಯಾರಿಂದಲೂ ಆಗಲಿಲ್ಲ. 1851ರಲ್ಲಿ ಅಮೆರಿಕದ ಹಾಬ್ಸ್ ಎಂಬವರು ಅದನ್ನು ತೆರೆದರು. ಆದರೆ ಅದಕ್ಕೆ ಅವರಿಗೆ ಹಿಡಿದದ್ದು 51 ತಾಸು! ಇದರಿಂದ ನಾನು ಕಲಿತ ಪಾಠ ಇಷ್ಟೇ: ಕೀಲಿ ಕಳ್ಳರನ್ನು ಪೂರಾ ತಡೆಯುವುದಿಲ್ಲ, ಅವರ ಹೊತ್ತು ತಿನ್ನುತ್ತದೆ. ಕಳ್ಳರ ಹತ್ತಿರ ಇಲ್ಲದ್ದು ಹೊತ್ತೇ. ದೂರದಿಂದಲೇ ದಪ್ಪ ಸರಪಳಿ ಕಂಡರೆ, "ಇದು ತಡಾ ಆಗ್ತೈತಿ, ಮುಂದ ನಡಿ" ಅಂತಾರ. ರಿಮೋಟಿನ ಕೀಲಿ ಕಣ್ಣಿಗೆ ಕಾಣುವುದಿಲ್ಲ. ಕಾಣದ ಕೀಲಿಗೆ ಯಾರು ಅಂಜುತ್ತಾರೆ?

ನಮಗೆ ಈ ಮಾತು ಯಾಕೆ ಮುಖ್ಯ ಅಂದರೆ, ನಮ್ಮ ನಾಲ್ಕೂ ತಾಲೂಕುಗಳು ಜಿಲ್ಲೆಯ ಅಂಚಿನಲ್ಲಿವೆ. ಹಾನಗಲ್ಲ ದಾಟಿದರೆ ಉತ್ತರ ಕನ್ನಡ, ಸವಣೂರ ದಾಟಿದರೆ ಗದಗ, ಹಿರೇಕೆರೂರ ದಾಟಿದರೆ ಶಿವಮೊಗ್ಗ. ಶಿಗ್ಗಾಂವಿಯಲ್ಲಂತೂ ಪುಣೆ-ಬೆಂಗಳೂರು ಹೆದ್ದಾರಿಯೇ ಇದೆ. ರಾತ್ರಿ ಹೋದ ಗಾಡಿ ನಾವು ಏಳುವುದರೊಳಗೆ ಬೇರೆ ಜಿಲ್ಲೆಯಲ್ಲಿರುತ್ತದೆ. ಕೆಎ 27 ಅನ್ನುವ ನಮ್ಮ ನಂಬರ್ ಪ್ಲೇಟನ್ನು ಬದಲಿಸಲಿಕ್ಕೆ ಎಷ್ಟು ಹೊತ್ತು ಬೇಕು?

ಗಾಡಿ ಹೋದ ಮನೆಯ ಗತಿ ಏನು? ಹಾಲು ಡೇರಿಗೆ ಹಾಕುವುದು ಅದರ ಮೇಲೆ, ಗೊಬ್ಬರ ತರುವುದು ಅದರ ಮೇಲೆ, ಅಜ್ಜಿಯನ್ನು ದವಾಖಾನೆಗೆ ಒಯ್ಯುವುದೂ ಅದರ ಮೇಲೆ. ಗಾಡಿ ಹೋದರೂ ಸಾಲದ ಕಂತು ನಿಲ್ಲುವುದಿಲ್ಲ. "ವಿಮೆ ಐತೆಲ್ಲಾ" ಅನ್ನುವವರು ಕಾಗದ ತೆಗೆದು ಓದಿರಿ. ಬರೀ ಥರ್ಡ್ ಪಾರ್ಟಿ ವಿಮೆ ಇದ್ದರೆ ಕಳುವಿಗೆ ಒಂದು ರೂಪಾಯಿಯೂ ಬರುವುದಿಲ್ಲ. ಪೂರ್ತಿ ವಿಮೆ ಇದ್ದರೂ ಸಾಮಾನ್ಯವಾಗಿ ಎರಡೂ ಕೀಲಿಕೈ ತೋರಿಸಿರಿ ಅಂತ ಕೇಳುತ್ತಾರೆ.

ಆದ್ದರಿಂದ ನಾನು ಹೇಳುವುದು ಇಷ್ಟು. ಬೈಕಿಗೆ ಹ್ಯಾಂಡಲ್ ಲಾಕ್ ಹಾಕಿ, ಮುಂದಿನ ಗಾಲಿಯೊಳಗಿಂದ ಸರಪಳಿ ಸೇರಿಸಿ ಕಂಬಕ್ಕೋ ಗಿಡಕ್ಕೋ ಬಿಗಿಯಿರಿ. ಕಾರಿಗೆ ಸ್ಟೇರಿಂಗ್ ಲಾಕೋ ಗೇರ್ ಲಾಕೋ ಇರಲಿ. ಬಾಗಿಲು ತೆರೆದು ಒಳಗೆ ಕೂತರೂ ಅದನ್ನು ರೇಡಿಯೋ ಅಲೆಯಿಂದ ತೆಗೆಯಲಿಕ್ಕೆ ಆಗುವುದಿಲ್ಲ. ರಿಮೋಟನ್ನು ಮೊಳೆಗೆ ತೂಗುಹಾಕದೆ ಒಳಕೋಣೆಯಲ್ಲಿ ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯೊಳಗೆ ಇಡಿರಿ. ಡಬ್ಬಿ ಕೆಲಸ ಮಾಡ್ತೈತೋ ಇಲ್ಲೋ ಅಂತ ಪರೀಕ್ಷೆಯೂ ಸುಲಭ: ಡಬ್ಬಿ ಹಿಡಿದುಕೊಂಡು ಕಾರಿನ ಪಕ್ಕ ನಿಂತು ಬಾಗಿಲು ತೆಗೆದು ನೋಡಿರಿ. ತೆರೆದರೆ ಡಬ್ಬಿ ಬದಲಿಸಿರಿ.

"ದಿನಾ ಬಗ್ಗಿ ಸರಪಳಿ ಹಾಕೋದು ಬ್ಯಾಸರ" ಅನ್ನುತ್ತಾರೆ. ಖರೇ ಐತಿ. ಆದರೆ ಅದು ಅರ್ಧ ನಿಮಿಷದ ಬ್ಯಾಸರ, ಕಂತು ತುಂಬುವುದು ವರ್ಷಗಟ್ಟಲೆ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ ಅನ್ನುವ ಗಾದೆ ನಮ್ಮ ಹಿರಿಯರು ಸುಮ್ಮನೆ ಕಟ್ಟಿದ್ದಲ್ಲ.

ಗೆಳೆಯರೇ, ನಾಳೆ ಸಾಲಿಗೆ ಬರುವಾಗ ದಾರಿಯಲ್ಲಿ ನಿಂತ ಗಾಡಿಗಳನ್ನು ಎಣಿಸಿರಿ. ಎಷ್ಟಕ್ಕೆ ಹ್ಯಾಂಡಲ್ ಲಾಕ್ ಹಾಕಿದೆ, ಎಷ್ಟರಲ್ಲಿ ಕೀಲಿಕೈ ಹಂಗೇ ಜೋತಾಡ್ತೈತಿ ಬರೆದುಕೊಳ್ಳಿರಿ. ಗುರುಗಳ ಗಾಡಿಗಳನ್ನೂ ಬಿಡಬ್ಯಾಡ್ರಿ! ಲೆಕ್ಕ ತಂದು ಕೊಟ್ಟರೆ ಮುಂದಿನ ಸಂಚಿಕೆಯಲ್ಲಿ ಇದೇ ಗೋಡೆಯ ಮೇಲೆ ಹಚ್ಚೋಣ. ನನ್ನ ಮಾತು ತಪ್ಪು ಅನ್ನಿಸಿದವರೂ ಬರೆದು ಕೊಡಿರಿ, ಅದನ್ನೂ ಹಚ್ಚೋಣ.

- 10ನೇ ಇಯತ್ತೆಯ ವಿದ್ಯಾರ್ಥಿ