ಆಟಕ್ಕುಂಟು, ಲೆಕ್ಕಕ್ಕೂ ಉಂಟು

ವಾರವಿಡೀ ಲ್ಯಾಪ್‌ಟಾಪ್ ಮುಂದೆ ಕೂರೋ ನಾನು, ಶನಿವಾರ ಬಿಡದಿ ದಾಟಿ ಬೈರಮಂಗಲಕ್ಕೆ ಹೋದರೆ ಸಂಜೆ ಮಕ್ಕಳಿಗೆ ಫುಟ್ಸಾಲ್ ಹೇಳಿಕೊಡ್ತೀನಿ. ಟರ್ಫ್ ಗಿರ್ಫ್ ಏನಿಲ್ಲ. ಸುಗ್ಗಿ ಮುಗಿದು ಖಾಲಿ ಬಿದ್ದಿರೋ ರಾಗಿ ಕಣವೇ ನಮ್ಮ ಅಂಗಳ. 12 ಮಕ್ಕಳು, ಒಂದು ಬಾಲು, ಆರಾರು ಜನರ ಎರಡು ಟೀಮು.

ಒಂದು ದಿನ ಒಂಬತ್ತು ವರ್ಷದ ಅಕ್ಕನ ಮಗಳು ಆಟದ ಮಧ್ಯೆ ಎದ್ದು ಬಂದು ಕಟ್ಟೆ ಮೇಲೆ ಕೂತಳು.

"ಯಾಕೆ ಪುಟ್ಟಿ, ಸುಸ್ತಾಯ್ತಾ?"

"ಇಲ್ಲ ಮಾಮ. ಆಡಿದ್ರೂ ಒಂದೇ, ಕೂತ್ರೂ ಒಂದೇ. ನಂಗೆ ಬಾಲೇ ಬರಲ್ಲ."

ಚುರುಕ್ ಅಂತು. ಕಲಿಸೋಕೆ ಹೋದವನೂ ನಾನೇ, ಅವಳನ್ನು 'ಆಟಕ್ಕುಂಟು ಲೆಕ್ಕಕ್ಕಿಲ್ಲ' ಮಾಡಿದವನೂ ನಾನೇ.

ರಾತ್ರಿ ಲೆಕ್ಕ ಹಾಕಿದೆ. 20 ನಿಮಿಷದ ಆಟದಲ್ಲಿ ಬಾಲು 12 ಜನಕ್ಕೂ ಸಮನಾಗಿ ಸಿಕ್ಕರೂ ಒಬ್ಬರ ಪಾಲಿಗೆ 1 ನಿಮಿಷ 40 ಸೆಕೆಂಡು. ಅದರಲ್ಲೂ ದೊಡ್ಡ ಹುಡುಗರದೇ ಸಿಂಹಪಾಲು. ಕಣವನ್ನು ಎರಡು ಭಾಗ ಮಾಡಿ, ಎರಡು ಬಾಲು ಕೊಟ್ಟು, ಮೂವರ ಎದುರು ಮೂವರನ್ನು ಬಿಟ್ಟರೆ? 3 ನಿಮಿಷ 20 ಸೆಕೆಂಡು!

ಫುಟ್ಸಾಲ್ ಹುಟ್ಟಿದ್ದೇ ಜಾಗದ ಕೊರತೆಯಿಂದ. 1930ರಲ್ಲಿ ಉರುಗ್ವೆಯ ಮಾಂಟೆವಿಡಿಯೋದಲ್ಲಿ ಹ್ವಾನ್ ಕಾರ್ಲೋಸ್ ಸೆರಿಯಾನಿ ಅನ್ನೋ ಮೇಷ್ಟ್ರು ಒಳಾಂಗಣದಲ್ಲೂ ಆಡೋ ಹಾಗೆ ಫುಟ್ಬಾಲನ್ನು ಐದೈದು ಜನಕ್ಕೆ ಇಳಿಸಿದರು. ನಾವು ಅದನ್ನೂ ಇನ್ನಷ್ಟು ಇಳಿಸಿದೆವು, ಅಷ್ಟೇ.

ಮುಂದಿನ ಶನಿವಾರ ಚಪ್ಪಲಿಗಳೇ ಗೋಲು, ಗೋಲ್‌ಕೀಪರ್ ಇಲ್ಲ. ಫುಟ್ಸಾಲ್ ಬಾಲು ಜಾಸ್ತಿ ಪುಟಿಯಲ್ಲ. ಅದಕ್ಕೇ ನಮ್ಮ ಬಾಲಿನ ಗಾಳಿ ಸ್ವಲ್ಪ ಇಳಿಸಿದೆ. ನಾಲ್ಕು ನಿಮಿಷ ಆಟ, ಒಂದು ನಿಮಿಷ ನೀರು, ಆಮೇಲೆ ಟೀಮು ಬದಲು. ಬಾಲು ಹೊರಗೆ ಹೋದರೆ 4 ಸೆಕೆಂಡಲ್ಲಿ ಒಳಗೆ ಬರಬೇಕು. ಅದು ನಿಜವಾದ ಫುಟ್ಸಾಲ್ ನಿಯಮವೇ. ಒಬ್ಬರು ಕಮ್ಮಿಯಾದ ದಿನ ಒಂದು ಕಡೆ ಇಬ್ಬರ ಎದುರು ಇಬ್ಬರು. ಉಳಿದ ಒಬ್ಬರು ಬಾಲು ಯಾರ ಹತ್ತಿರ ಇದೆಯೋ ಆ ಟೀಮಿಗೆ.

'ಮೂವರೂ ಮುಟ್ಟದೆ ಗೋಲು ಹೊಡೆಯೋ ಹಾಗಿಲ್ಲ' ಅಂತಲೂ ಮಾಡಿ ನೋಡಿದೆ. ದೊಡ್ಡವರು ಶಾಸ್ತ್ರಕ್ಕೆ ಅವಳ ಕಾಲಿಗೆ ತಾಗಿಸಿ ವಾಪಸ್ ತಗೊಂಡರು. ಆ ರೂಲು ತೆಗೆದುಹಾಕಿದೆ. ಬೇಕಾಗೂ ಇರಲಿಲ್ಲ. ಮೂವರಲ್ಲಿ ಒಬ್ಬನಿಗೆ ಎದುರಾಳಿ ಅಂಟಿಕೊಂಡರೆ ಪಾಸ್ ಕೊಡೋಕೆ ಉಳಿಯೋದು ಇವಳೊಬ್ಬಳೇ. ದಾಕ್ಷಿಣ್ಯಕ್ಕಲ್ಲ, ಗೆಲ್ಲೋಕೇ ಅವಳು ಬೇಕು.

ಹಾಗಂತ ಇದರಲ್ಲೇ ಎಲ್ಲ ಬರಲ್ಲ. ಗೋಲು ಕಾಯೋದು, ಐವರು ಜಾಗ ಹಂಚಿಕೊಂಡು ಆಡೋದು ಬೇರೆ ವಿದ್ಯೆ. ಅದಕ್ಕೆ ಕೊನೆಯ ಕಾಲು ಗಂಟೆ ಪೂರ್ತಿ ಕಣದಲ್ಲಿ ಐದೈದು ಜನ. ಉಳಿದ ಇಬ್ಬರು ಸರದಿ ಮೇಲೆ.

ಮೊನ್ನೆ ಅವಳು ಬಾಲು ಕಳಕೊಂಡಳು. "ಏಯ್, ಬೇಗ ಕೊಡೋಕೆ ಏನಾಗಿತ್ತೇ?" ಅಂತ ಒಬ್ಬ ರೇಗಿದ. ಅಳ್ತಾಳೇನೋ ಅಂದ್ಕೊಂಡೆ. "ನೀನು ಖಾಲಿ ಜಾಗಕ್ಕೆ ಬಾರೋ ಮೊದ್ಲು!" ಅಂತ ಅವನಿಗೇ ತಿರುಗಿ ಹೇಳಿ ಓಡಿದಳು.

ಲೆಕ್ಕಕ್ಕೆ ಇರೋರನ್ನೇ ತಾನೇ ಬೈಯೋದು? ನಿಮ್ಮ ಬೀದಿ, ಅಪಾರ್ಟ್‌ಮೆಂಟ್ ಆಟದಲ್ಲೂ ಬಾಲು ಸಿಗದೆ ಸುಮ್ಮನೆ ನಿಂತಿರೋ ಮಗು ಕಂಡರೆ, ಅಂಗಳ ಚಿಕ್ಕದು ಮಾಡಿ, ಇನ್ನೊಂದು ಬಾಲು ತನ್ನಿ.