ಮಕ್ಕಳನ್ನು ಕೌನ್ಸೆಲರ್ ಬಳಿ ಕರೆದೊಯ್ಯುವ ಮುನ್ನ

ಪಿಯುಸಿ ಓದುವ ಮಗನನ್ನು ಮೊದಲ ಸಲ ಕೌನ್ಸೆಲರ್ ಬಳಿ ಕರೆತರುವ ಹೆತ್ತವರ ಬಾಯಲ್ಲಿ ಸಾಮಾನ್ಯವಾಗಿ ಬರುವ ಮಾತು: ‘ಸ್ವಲ್ಪ ಬುದ್ಧಿ ಹೇಳಿ ಮೇಡಂ, ನಮ್ಮ ಮಾತು ಕೇಳಲ್ಲ.’ ಹುಡುಗ ತಲೆ ತಗ್ಗಿಸಿ ಕೂತಿರುತ್ತಾನೆ. ಮನೆಯಲ್ಲಿ ಬೈಸಿಕೊಂಡಿದ್ದು ಸಾಲದು ಎಂದು ಇಲ್ಲಿಗೂ ಕರೆತಂದಿದ್ದಾರೆ ಎಂಬುದು ಅವನ ಲೆಕ್ಕ.

ಸರಿಯಾದ ತರಬೇತಿ ಪಡೆದವರು ಆಗ ಬುದ್ಧಿ ಹೇಳಲು ಹೋಗುವುದಿಲ್ಲ. ಮೊದಲು ಗೋಪ್ಯತೆಯ ಕಟ್ಟುಪಾಡನ್ನು ಮೂವರ ಎದುರಲ್ಲೇ ಬಿಡಿಸಿ ಹೇಳುತ್ತಾರೆ. ಹುಡುಗ ಆಡಿದ ಮಾತು ಅವನ ಒಪ್ಪಿಗೆಯಿಲ್ಲದೆ ಆಚೆ ಹೋಗುವುದಿಲ್ಲ. ಆದರೆ ಅವನ ಜೀವಕ್ಕೋ ಬೇರೊಬ್ಬರ ಜೀವಕ್ಕೋ ಅಪಾಯ ಕಂಡರೆ ತಿಳಿಸಲೇಬೇಕು. ಹದಿನೆಂಟು ತುಂಬದವರ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದ್ದು ಗೊತ್ತಾದರೆ 2012ರ ಪೋಕ್ಸೊ ಕಾಯ್ದೆಯಂತೆ ಪೊಲೀಸರಿಗೆ ವರದಿ ಮಾಡುವುದು ಕಡ್ಡಾಯ. ಇಷ್ಟು ಹೇಳಿದ ಮೇಲೆ ಅಪ್ಪ ಅಮ್ಮನನ್ನು ಹೊರಗೆ ಕೂರಿಸುತ್ತಾರೆ. ಹೆತ್ತವರಿಗೆ ಆ ಅರ್ಧ ಗಂಟೆ ನುಂಗಲಾರದ ತುತ್ತು. ಆದರೆ ಆ ಏಕಾಂತವಿಲ್ಲದೆ ಹುಡುಗ ಬಾಯಿ ಬಿಡುವುದಿಲ್ಲ.

ಈ ವಿಧಾನದ ಹಿಂದೆ ಅಮೆರಿಕದ ಮನೋವಿಜ್ಞಾನಿ ಕಾರ್ಲ್ ರೋಜರ್ಸ್ 1950ರ ದಶಕದಲ್ಲಿ ಮಂಡಿಸಿದ ವಿಚಾರವಿದೆ. ಎದುರಿಗಿರುವವರು ಯಾವ ಷರತ್ತೂ ಹಾಕದೆ ತನ್ನನ್ನು ಒಪ್ಪಿಕೊಂಡಿದ್ದಾರೆ ಎನಿಸಿದಾಗಲೇ ಮನುಷ್ಯ ಬದಲಾಗಲು ಅಣಿಯಾಗುತ್ತಾನೆ ಎಂದರು ಅವರು. ನಮ್ಮ ಮಕ್ಕಳಿಗೆ ಸಿಗುವ ಮೆಚ್ಚುಗೆಯಲ್ಲಿ ಎಷ್ಟು ಪಾಲು ಮಾರ್ಕ್ಸ್ ಕಾರ್ಡಿಗೆ ಅಂಟಿಕೊಂಡಿದೆ ಎಂದು ಯೋಚಿಸಿದರೆ ಅವರ ಮಾತಿನ ತೂಕ ತಿಳಿಯುತ್ತದೆ.

ಹಾಗೆಂದು ಹುಡುಗನೊಬ್ಬನ ಜೊತೆ ಮಾತಾಡಿದರೆ ಮುಗಿಯಲಿಲ್ಲ. ಸಾಲ್ವಡಾರ್ ಮಿನೂಚಿನ್ ಮೊದಲಾದ ಕುಟುಂಬ ಚಿಕಿತ್ಸಕರು ಇಡೀ ಮನೆಯ ನಡವಳಿಕೆಯನ್ನು ಗಮನಿಸುವ ಕ್ರಮ ಕಲಿಸಿದರು. ಮಗಳ ಬಗ್ಗೆ ದೂರು ತಂದ ಇನ್ನೊಂದು ಮನೆಯವರನ್ನೆಲ್ಲ ಕೌನ್ಸೆಲರ್ ಒಟ್ಟಿಗೆ ಕೂರಿಸಿ, ‘ಅಪ್ಪ ರೇಗಿದಾಗ ಅಮ್ಮ ಏನು ಮಾಡ್ತಾರೆ?’ ಎಂದು ಮಗಳನ್ನು ಕೇಳುತ್ತಾರೆ. ‘ನನ್ನ ಪರ ಮಾತಾಡ್ತಾರೆ. ಆಮೇಲೆ ಅವರಿಬ್ಬರಿಗೂ ಜಗಳ. ನಾನು ರೂಮಿಗೆ ಹೋಗಿ ಚಿಲಕ ಹಾಕ್ಕೋತೀನಿ’ ಎಂದು ಅವಳು ಹೇಳಿದಳೆನ್ನಿ. ದೂರು ಬಂದಿದ್ದು ಅವಳು ಹಾಕಿಕೊಳ್ಳುವ ಚಿಲಕದ ಬಗ್ಗೆ; ಜಗಳದ ಬಗ್ಗೆ ಅಲ್ಲಿಯವರೆಗೆ ಯಾರೂ ತುಟಿ ಬಿಚ್ಚಿರಲಿಲ್ಲ. ಇಂಥ ಕಡೆ ಎಷ್ಟೋ ಸಲ ಅಪ್ಪ ಅಮ್ಮನೇ ಪ್ರತ್ಯೇಕವಾಗಿ ಬರಬೇಕಾಗುತ್ತದೆ. ಅದನ್ನು ಅವಮಾನವೆಂದು ತಿಳಿಯಬಾರದು.

ಹದಿನೆಂಟು ದಾಟಿದವರ ವಿಷಯವೇ ಬೇರೆ. ಕೆಲಸ ಹುಡುಕುತ್ತಿರುವ ಇಪ್ಪತ್ತೆರಡರ ಮಗನ ಫೀಸನ್ನು ಅಪ್ಪನೇ ಕಟ್ಟುತ್ತಿರಬಹುದು. ಆದರೂ ‘ಏನು ಹೇಳಿದ?’ ಎಂದು ಫೋನ್ ಮಾಡಿದರೆ ಉತ್ತರ ಸಿಗಬಾರದು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಚಿಕಿತ್ಸೆಯ ಗೋಪ್ಯತೆಯನ್ನು ಹಕ್ಕಾಗಿಸಿದೆ.

ಇನ್ನು ಯಾರ ಬಳಿ ಹೋಗಬೇಕು? ಮನೋವೈದ್ಯರು ಎಂಬಿಬಿಎಸ್ ಮುಗಿಸಿ ಮನೋವೈದ್ಯಶಾಸ್ತ್ರ ಓದಿದವರು, ಔಷಧಿ ಬರೆಯಬಲ್ಲವರು. ಕ್ಲಿನಿಕಲ್ ಸೈಕಾಲಜಿಸ್ಟ್ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿಸಿಕೊಂಡಿರಬೇಕು. ಕೌನ್ಸೆಲರ್‌ಗಳ ವಿಷಯದಲ್ಲಿ ಇಷ್ಟು ಬಿಗಿಯಿಲ್ಲದ್ದರಿಂದ ಮನೋವಿಜ್ಞಾನದಲ್ಲಿ ಸ್ನಾತಕೋತ್ತರ ಪದವಿ ಪಡೆದವರೂ ಕೆಲವು ವಾರಗಳ ಸರ್ಟಿಫಿಕೇಟ್ ಕೋರ್ಸ್ ಮಾಡಿದವರೂ ಅದೇ ಬೋರ್ಡು ಹಾಕಿಕೊಂಡಿರುತ್ತಾರೆ. ಏನು ಓದಿದ್ದೀರಿ, ಹದಿಹರೆಯದವರ ಜೊತೆ ಕೆಲಸ ಮಾಡಿದ್ದೀರಾ, ಹಿರಿಯರ ಮೇಲ್ವಿಚಾರಣೆಯಲ್ಲಿ ತರಬೇತಾಗಿದೆಯೇ ಎಂದು ಸಂಕೋಚವಿಲ್ಲದೆ ಕೇಳಿ. ಕೇಳಿದ್ದಕ್ಕೆ ಸಿಡಿಮಿಡಿಗೊಂಡರೆ ಬೇರೊಬ್ಬರನ್ನು ನೋಡುವುದೇ ವಾಸಿ. ನಿದ್ದೆ, ಊಟ ಕೆಟ್ಟು ವಾರಗಟ್ಟಲೆ ಹಾಸಿಗೆ ಬಿಟ್ಟೇಳದ ಮಗುವನ್ನು ತಮ್ಮಲ್ಲೇ ಇಟ್ಟುಕೊಳ್ಳದೆ ಮನೋವೈದ್ಯರ ಬಳಿ ಕಳಿಸುವ ಕೌನ್ಸೆಲರ್ ಮೇಲೆ ನನಗೆ ಹೆಚ್ಚು ನಂಬಿಕೆ.

ಮಗು ‘ಬದುಕೋದೇ ಬೇಡ’ ಎಂದರೆ ಅಪಾಯಿಂಟ್‌ಮೆಂಟಿಗೆ ಕಾಯಬೇಡಿ. ಸಾಯುವ ಯೋಚನೆ ಬರುತ್ತಿದೆಯೇ ಎಂದು ನೇರವಾಗಿ ಕೇಳಿ. ಕೇಳಿದ್ದರಿಂದ ಆ ಯೋಚನೆ ಹೊಸದಾಗಿ ಹುಟ್ಟುವುದಿಲ್ಲ. ಒಂಟಿಯಾಗಿ ಬಿಡಬೇಡಿ. ತಕ್ಷಣದ ಅಪಾಯವಿದ್ದರೆ ಹತ್ತಿರದ ಆಸ್ಪತ್ರೆಗೆ ಕರೆದೊಯ್ಯಿರಿ. 2022ರ ಅಕ್ಟೋಬರ್‌ನಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿ, 14416, ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಮಗುವಿನ ಪರವಾಗಿ ಹೆತ್ತವರೂ ಕರೆ ಮಾಡಬಹುದು.